ಗಣಿ ರೊಕ್ಕದ ಲೆಕ್ಕ ಊರ ಗೋಡೆಗೆ ತರುವುದು ಹೇಗೆ: ಆಫ್ರಿಕಾ ಕಂಡ ಪಾಠ, ಸಂಡೂರು ಸೀಮೆಯ ಕೆಲಸ

1990ರ ದಶಕದ ಮೊದಲರ್ಧದಲ್ಲಿ ಉಗಾಂಡ ಸರ್ಕಾರ ಪ್ರಾಥಮಿಕ ಶಾಲೆಗಳಿಗೆ ಮಗುವಿಗೆ ಇಂತಿಷ್ಟು ಎಂದು ಅನುದಾನ ಕಳಿಸುತ್ತಿತ್ತು. ರಾಜಧಾನಿ ಕಂಪಾಲಾದ ಕಡತಗಳಲ್ಲಿ ಎಲ್ಲವೂ ಸರಿ ಇತ್ತು. ಆಮೇಲೆ 250 ಶಾಲೆಗಳಿಗೆ ಹೋಗಿ, 1991ರಿಂದ 1995ರವರೆಗಿನ ಪುಸ್ತಕ ತೆಗೆಸಿ ನೋಡಿದರೆ, ಶಾಲೆ ಮುಟ್ಟಿದ್ದು ನೂರಕ್ಕೆ ಸರಾಸರಿ 13 ಮಾತ್ರ. ಬಹಳಷ್ಟು ಶಾಲೆಗಳಿಗೆ ಬಿಡಿಗಾಸೂ ಬಂದಿರಲಿಲ್ಲ. ಉಳಿದದ್ದೆಲ್ಲ ಜಿಲ್ಲಾ ಕಚೇರಿಗಳಲ್ಲೇ ಕರಗಿತ್ತು. ಸರ್ಕಾರ ಆಗ ಎರಡು ಕೆಲಸ ಮಾಡಿತು. ಯಾವ ಜಿಲ್ಲೆಗೆ ಯಾವ ತಿಂಗಳು ಎಷ್ಟು ಹೋಯಿತೆಂದು ಪತ್ರಿಕೆ, ರೇಡಿಯೊಗಳಲ್ಲಿ ಸಾರಿತು. ಶಾಲೆಗೆ ಬಂದ ಮೊತ್ತವನ್ನು ಶಾಲೆಯ ಗೋಡೆಗೇ ಅಂಟಿಸಬೇಕೆಂದಿತು. 2001ರ ಹೊತ್ತಿಗೆ ಶಾಲೆ ಮುಟ್ಟುವ ಪಾಲು ನೂರಕ್ಕೆ 80ರ ಆಸುಪಾಸಿಗೆ ಏರಿತು. ಅದೇ ಕಾಲದಲ್ಲಿ ಬೇರೆ ಸುಧಾರಣೆಗಳೂ ನಡೆದಿದ್ದವು, ಹಾಗಾಗಿ ಪೂರ್ತಿ ಶ್ರೇಯ ಗೋಡೆಗೇ ಕೊಡಲಾಗದು. ಆದರೆ ಪತ್ರಿಕೆ ಸಿಗುವ ಜಾಗಕ್ಕೆ ಹತ್ತಿರವಿದ್ದ ಶಾಲೆಗಳಿಗೆ ಹೆಚ್ಚು ಹಣ ಮುಟ್ಟಿತ್ತು. ತನಗೆ ಎಷ್ಟು ಬರಬೇಕು ಎಂದು ಗೊತ್ತಿದ್ದ ಹೆಡ್‌ಮಾಸ್ತರರು ಹೋಗಿ ಕೇಳಿದರು. ಗೊತ್ತಿಲ್ಲದವರು ಏನೆಂದು ಕೇಳಿಯಾರು?

ಬಳ್ಳಾರಿ ಜಿಲ್ಲೆಯ ಗಣಿ ಹಳ್ಳಿಗಳು ಇವತ್ತು ಆ ಗೊತ್ತಿಲ್ಲದ ಹೆಡ್‌ಮಾಸ್ತರರ ಸ್ಥಿತಿಯಲ್ಲಿವೆ. ಜಿಲ್ಲಾ ಖನಿಜ ಪ್ರತಿಷ್ಠಾನ, ಅಂದರೆ ಎಲ್ಲರ ಬಾಯಲ್ಲಿರುವ ‘ಡಿಎಂಎಫ್ ದುಡ್ಡು’, ಗಣಿಯಿಂದ ಬಾಧಿತವಾದ ಊರುಗಳಿಗೆಂದು 2015ರ ಕಾನೂನು ತಿದ್ದುಪಡಿಯಿಂದ ಬಂದದ್ದು. 2015ರ ಜನವರಿ 12ಕ್ಕಿಂತ ಮುಂಚಿನ ಗುತ್ತಿಗೆಯವರು ರಾಯಧನದ (ಅದಿರು ತೆಗೆದದ್ದಕ್ಕೆ ಸರ್ಕಾರಕ್ಕೆ ಕಟ್ಟುವ ರಾಯಲ್ಟಿ) ಮೇಲೆ ಶೇ 30ರಷ್ಟು, ಆಮೇಲೆ ಹರಾಜಿನಲ್ಲಿ ಪಡೆದವರು ಶೇ 10ರಷ್ಟು ಇದಕ್ಕೆ ಕಟ್ಟಬೇಕು. ಕಬ್ಬಿಣದ ಅದಿರಿಗೆ ರಾಯಧನ ಸರಾಸರಿ ಮಾರಾಟ ಬೆಲೆಯ ಶೇ 15. ಲೆಕ್ಕಕ್ಕೆಂದು ಟನ್ನಿಗೆ 3,000 ರೂಪಾಯಿ ಬೆಲೆ ಇಟ್ಟುಕೊಳ್ಳಿ: ರಾಯಧನ 450 ರೂಪಾಯಿ, ಹಳೆಯ ಗುತ್ತಿಗೆಯಾದರೆ ಡಿಎಂಎಫ್‌ಗೆ 135, ಹರಾಜಿನದಾದರೆ 45. ನಿಮ್ಮೂರ ಬಾಗಿಲಲ್ಲಿ ಕೆಂಧೂಳೆಬ್ಬಿಸಿ ಹೋಗುವ 16 ಟನ್ನಿನ ಒಂದು ಲಾರಿ ಅಂದರೆ 2,160 ಇಲ್ಲವೇ 720 ರೂಪಾಯಿ. ಊರ ಸಭೆಯಲ್ಲಿ ಮೊದಲು ಈ ಲೆಕ್ಕ ಹೇಳಿ. ‘ಸರ್ಕಾರದ ಅನುದಾನ’ ಅಂದಾಗ ತಲೆ ಎತ್ತದವರೂ ‘ಈ ಲಾರಿಯ ರೊಕ್ಕ’ ಅಂದರೆ ಎದ್ದು ಕೂರುತ್ತಾರೆ.

ರಾಯಚೂರಿನ ಹಟ್ಟಿ ಚಿನ್ನದ ಗಣಿಯ ಸುತ್ತಲ ಊರುಗಳಿಗೂ ಇದೇ ದಾರಿ ಸಲ್ಲುತ್ತದೆ. ಖನಿಜ ಬೇರೆಯಾದರೆ ರಾಯಧನದ ದರ ಬೇರೆ, ಉಳಿದದ್ದೆಲ್ಲ ಒಂದೇ.

ಹಣ ಬಂದರೆ ಸಾಲದು, ಬಂದದ್ದು ಕಾಣಬೇಕು

‘ನಮ್ಮ ಮಣ್ಣಿನ ದುಡ್ಡು ನಮಗೇ ಬರಲಿ’ ಎಂಬ ಮಾತಿನಲ್ಲಿ ನ್ಯಾಯವಿದೆ. ಅಷ್ಟಕ್ಕೇ ನಿಂತರೆ ಏನಾಗುತ್ತದೆ ಎನ್ನುವುದನ್ನು ನೈಜೀರಿಯಾ ನೋಡಿ ತಿಳಿಯಬೇಕು. ನೈಜರ್ ನದಿಯ ಮುಖಜ ಭೂಮಿಯಲ್ಲಿ 1956ರಲ್ಲಿ ತೈಲ ಸಿಕ್ಕಿತು. ಹೊಲ, ಮೀನು, ಹಳ್ಳ ಎಲ್ಲ ಎಣ್ಣೆಯಾದವು. ಇದೇಕೆಂದು ಕೇಳಿದ, ಅಲ್ಲಿನ ಒಗೊನಿ ಜನರ ಮುಂದಾಳು ಕೆನ್ ಸಾರೊ-ವಿವಾ ಅವರನ್ನು ಸೇನಾ ಸರ್ಕಾರ 1995ರ ನವೆಂಬರ್ 10ರಂದು ಗಲ್ಲಿಗೇರಿಸಿತು. 1999ರ ಸಂವಿಧಾನ ತೈಲ ಸಿಗುವ ರಾಜ್ಯಗಳಿಗೆ ಆ ಆದಾಯದ ಕನಿಷ್ಠ ಶೇ 13ರಷ್ಟನ್ನು ಕೊಟ್ಟಿತು. ರೊಕ್ಕವೇನೋ ಹತ್ತಿರ ಬಂತು, ಅದರ ಲೆಕ್ಕ ಬರಲಿಲ್ಲ. 1999ರಿಂದ 2007ರವರೆಗೆ ಡೆಲ್ಟಾ ರಾಜ್ಯದ ಗವರ್ನರ್ ಆಗಿದ್ದ ಜೇಮ್ಸ್ ಇಬೋರಿ ಹಣ ಸಾಗಿಸಿದ್ದನ್ನು ಕೊನೆಗೆ ಒಪ್ಪಿಕೊಂಡದ್ದು ಲಂಡನ್ನಿನ ಕೋರ್ಟಿನಲ್ಲಿ. 2012ರಲ್ಲಿ 13 ವರ್ಷ ಶಿಕ್ಷೆಯಾಯಿತು. ಬೇಲಿ ಎದ್ದು ಹೊಲ ಮೇಯ್ದಿತ್ತು. ಅದನ್ನು ಹಿಡಿಯಲು ಹೊರದೇಶದ ನ್ಯಾಯಾಲಯವೇ ಬೇಕಾಯಿತು.

ಸಿಯೆರಾ ಲಿಯೋನ್‌ನ ವಜ್ರ ನಿಧಿ ನಮ್ಮ ಡಿಎಂಎಫ್‌ಗೆ ಇನ್ನೂ ಹತ್ತಿರ. 2001ರಲ್ಲಿ ಶುರುವಾದ ಅದರಲ್ಲಿ ವಜ್ರ ರಫ್ತು ತೆರಿಗೆಯ ಒಂದು ಪಾಲು ವಜ್ರ ಅಗೆಯುವ ಊರುಗಳಿಗೇ ವಾಪಸಾಗುತ್ತಿತ್ತು. ಊರ ಮುಖ್ಯಸ್ಥರ ಕೈಗೆ ಹಣ ಕೊಟ್ಟು ಕೇಳುವವರನ್ನು ನೇಮಿಸದೆ ಬಿಟ್ಟದ್ದರಿಂದ ದುರ್ಬಳಕೆಯಾಗಿ, ನಿಧಿಯನ್ನೇ ಕೆಲಕಾಲ ತಡೆಹಿಡಿದು ನಿಯಮ ಬಿಗಿ ಮಾಡಬೇಕಾಯಿತು.

ಹಾಗಾಗಿ ಈ ಕೈಪಿಡಿ ‘ಹೆಚ್ಚು ಹಣ ತರುವುದು ಹೇಗೆ’ ಎಂಬುದಲ್ಲ. ಬಂದದ್ದನ್ನು ಕಾಗದದಲ್ಲಿ ಹಿಡಿದು, ನೆಲದ ಮೇಲೆ ಅಳೆದು, ಗೋಡೆಗೆ ಬರೆದು, ಗ್ರಾಮಸಭೆಯ ನಡಾವಳಿಗೆ ಸೇರಿಸುವುದು ಹೇಗೆ ಎಂಬುದು. ಒಂದು ಊರಿಗೆ ಒಂದು ವರ್ಷದ ಕೆಲಸ.

ಗುಂಪು ಕಟ್ಟುವಾಗ

ಒಬ್ಬರೇ ಹೊರಟರೆ ಎರಡು ತಿಂಗಳಲ್ಲಿ ಸುಸ್ತಾಗುತ್ತಾರೆ, ಇಲ್ಲವೇ ಅವರನ್ನು ಕೊಳ್ಳುತ್ತಾರೆ. ಏಳರಿಂದ ಒಂಬತ್ತು ಜನ ಸಾಕು. ಘಾನಾ 2011ರಲ್ಲಿ ತೈಲ ಆದಾಯದ ಕಾನೂನು ಮಾಡಿದಾಗ 13 ಜನರ ನಾಗರಿಕ ಸಮಿತಿಯೊಂದನ್ನು ಅದರೊಳಗೇ ಇಟ್ಟಿತು: ಕಾರ್ಮಿಕ ಸಂಘ, ಪಾರಂಪರಿಕ ಮುಖ್ಯಸ್ಥರು, ಪತ್ರಕರ್ತರು, ವಕೀಲರು, ಲೆಕ್ಕಪರಿಶೋಧಕರು, ಕ್ರೈಸ್ತ ಮತ್ತು ಮುಸ್ಲಿಂ ಸಂಘಟನೆಗಳು, ಹೀಗೆ ತಲಾ ಒಬ್ಬರು. ಅವರು ತೈಲದ ಹಣದಲ್ಲಿ ಆಗಿದೆ ಎಂದ ಕಾಮಗಾರಿಗಳ ಜಾಗಕ್ಕೇ ಹೋಗಿ ನೋಡಿ ವರದಿ ಮಾಡುತ್ತಾರೆ. ಒಂದೊಂದು ವರ್ಗದಿಂದ ಒಬ್ಬರಿದ್ದರೆ ಒಂದು ಪಕ್ಷದ ಗುಂಪು ಎಂಬ ಹಣೆಪಟ್ಟಿ ಅಂಟುವುದಿಲ್ಲ.

ನಿಮ್ಮ ಗುಂಪಿನಲ್ಲಿ ಇರಲೇಬೇಕಾದವರು: ಕಾಂಕ್ರೀಟ್ ಹಾಕಿ ಗೊತ್ತಿರುವ ಒಬ್ಬ ಗೌಂಡಿ, ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆಯುವ ಒಬ್ಬ ಅಕ್ಕ, ನಿವೃತ್ತ ಮೇಷ್ಟ್ರು, ಮೊಬೈಲ್‌ನಲ್ಲಿ ತಖ್ತೆ ಮಾಡಬಲ್ಲ ಕಾಲೇಜು ಹುಡುಗ ಅಥವಾ ಹುಡುಗಿ, ಎಸ್‌ಸಿ ಕೇರಿಯಿಂದ ಮತ್ತು ಗಣಿಗೆ ತೀರ ಹತ್ತಿರದ ತಾಂಡಾದಿಂದ ಒಬ್ಬೊಬ್ಬರು. ಗೌಂಡಿಯನ್ನು ಬಿಟ್ಟು ಗುಂಪು ಕಟ್ಟುವುದೇ ಸಾಮಾನ್ಯವಾಗಿ ಆಗುವ ತಪ್ಪು. ಓದಿದವರು ಕಾಗದ ನೋಡಿ ಸುಮ್ಮನಾಗುತ್ತಾರೆ, ಗೌಂಡಿ ರಸ್ತೆ ನೋಡಿಯೇ ಹೇಳುತ್ತಾನೆ.

ಒಳ ನಿಯಮಗಳನ್ನು ಮೊದಲ ದಿನವೇ ಬರೆದು ಸಹಿ ಮಾಡಿ. ತಾಂಜಾನಿಯಾದ 1967ರ ಅರೂಷಾ ಘೋಷಣೆಯಲ್ಲಿ ನಾಯಕರಿಗೊಂದು ಕಟ್ಟಳೆ ಇತ್ತು: ಎರಡು ಸಂಬಳ ಬೇಡ, ಕಂಪನಿ ಷೇರು ಬೇಡ, ಮನೆ ಬಾಡಿಗೆಗೆ ಕೊಡುವುದು ಬೇಡ. ಜನ ಮ್ವಾಲಿಮು, ಅಂದರೆ ಮೇಷ್ಟ್ರೇ ಎಂದು ಕರೆಯುತ್ತಿದ್ದ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಸರಳವಾಗಿ ಬದುಕಿದರು, 1985ರಲ್ಲಿ ತಾವಾಗಿಯೇ ಅಧಿಕಾರ ಬಿಟ್ಟರು. ಆದರೂ ಅವರದೇ ಆಳ್ವಿಕೆಯಲ್ಲಿ 1970ರ ದಶಕದಲ್ಲಿ ಲಕ್ಷಾಂತರ ರೈತರನ್ನು ಬಲವಂತವಾಗಿ ಹೊಸ ಹಳ್ಳಿಗಳಿಗೆ ಸಾಗಿಸಲಾಯಿತು. ಒಂದೇ ಪಕ್ಷವಿದ್ದ ದೇಶದಲ್ಲಿ ‘ಬೇಡ’ ಎನ್ನುವ ಬಾಯಿ ಇರಲಿಲ್ಲ. ನಾಯಕ ಪ್ರಾಮಾಣಿಕ ಎಂಬ ಕಾರಣಕ್ಕೆ ಲೆಕ್ಕ ಕೇಳುವುದನ್ನು ಬಿಡಬಾರದು. ಈ ಮಾತು ನಿಮ್ಮ ಗುಂಪಿಗೂ ಅನ್ವಯ: ಸಂಚಾಲಕರು ಆರು ತಿಂಗಳಿಗೊಮ್ಮೆ ಬದಲಾಗಲಿ, ಗುತ್ತಿಗೆದಾರರ ಹತ್ತಿರದ ನೆಂಟರು ಬೇಡ, ಪಂಚಾಯಿತಿ ಚುನಾವಣೆಗೆ ನಿಲ್ಲುವ ಮನಸ್ಸಿದ್ದವರು ಮೊದಲೇ ಹೇಳಿ ಹೊರಬರಲಿ, ಯಾರೂ ಗುತ್ತಿಗೆದಾರರನ್ನು ಒಬ್ಬರೇ ಭೇಟಿಯಾಗಬಾರದು. ಅರ್ಜಿ, ಜೆರಾಕ್ಸು, ಬಸ್ ಚಾರ್ಜಿಗೆ ಆಗುವ ಖರ್ಚನ್ನು ತಲಾ ಇಷ್ಟು ಎಂದು ಹಾಕಿಕೊಂಡು ಅದರ ಲೆಕ್ಕವನ್ನೂ ಅದೇ ಗೋಡೆಗೆ ಬರೆಯಿರಿ.

ಕಾಗದ ತರುವುದು

ಮೊದಲು ಅರ್ಜಿಯಿಲ್ಲದೆ ಸಿಗಬೇಕಾದ್ದನ್ನು ನೋಡಿ. ಡಿಎಂಎಫ್ ಬಳಕೆಯ ಕೇಂದ್ರ ಮಾರ್ಗಸೂಚಿಯ ಪ್ರಕಾರ ಬಾಧಿತ ಪ್ರದೇಶಗಳ ಪಟ್ಟಿ, ತ್ರೈಮಾಸಿಕ ವಂತಿಗೆ, ಸಭೆಗಳ ನಡಾವಳಿ, ವಾರ್ಷಿಕ ಕ್ರಿಯಾ ಯೋಜನೆ, ಪ್ರತಿ ಕಾಮಗಾರಿಯ ಅಂದಾಜು ವೆಚ್ಚ, ಅನುಷ್ಠಾನ ಸಂಸ್ಥೆ, ಪ್ರಗತಿ ಎಲ್ಲವೂ ಪ್ರತಿಷ್ಠಾನದ ವೆಬ್‌ಸೈಟಿನಲ್ಲಿರಬೇಕು. ಇದ್ದದ್ದನ್ನು ಇಳಿಸಿಕೊಳ್ಳಿ. ಇಲ್ಲದ್ದನ್ನು ಪಟ್ಟಿ ಮಾಡಿ. ‘ಹಾಕಬೇಕಾದ್ದು ಹಾಕಿಲ್ಲ’ ಎನ್ನುವುದೇ ಗ್ರಾಮಸಭೆಯ ಮೊದಲ ಪ್ರಶ್ನೆಯಾಗುತ್ತದೆ. ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರದಂಥ ಆದ್ಯತೆಯ ಬಾಬ್ತುಗಳಿಗೆ ಕನಿಷ್ಠ ಪಾಲು ಮೊದಲು ಶೇ 60 ಇತ್ತು, 2024ರ ಪರಿಷ್ಕರಣೆಯಲ್ಲಿ ಶೇ 70 ಆಯಿತು. ಕ್ರಿಯಾ ಯೋಜನೆ ಕೈಗೆ ಬಂದ ಕೂಡಲೇ ಕೆಂಪು ಪೆನ್ನಿನಲ್ಲಿ ಈ ಬಾಬ್ತುಗಳನ್ನು ಗುರುತಿಸಿ ಕೂಡಿಸಿ. ಸಮುದಾಯ ಭವನ, ಕಮಾನು, ಹೈಮಾಸ್ಟ್ ದೀಪಗಳೇ ಹೆಚ್ಚು ಕಂಡರೆ ಅದನ್ನು ಸಂಖ್ಯೆಯಲ್ಲೇ ಹೇಳಿ.

ಉಳಿದದ್ದಕ್ಕೆ ಮಾಹಿತಿ ಹಕ್ಕು. ಕರ್ನಾಟಕದ ನಿಯಮದಲ್ಲಿ ಎರಡು ಕಟ್ಟುಗಳಿವೆ: ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಬಹುಪಾಲು ಅರ್ಜಿಗಳು ಇಲ್ಲೇ ಮುಗ್ಗರಿಸುತ್ತವೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಲಗತ್ತಿಸಬಹುದು. ಬಿಪಿಎಲ್ ಕಾರ್ಡಿದ್ದವರಿಗೆ ಶುಲ್ಕವಿಲ್ಲ, ಕಾರ್ಡಿನ ನಕಲು ಇಟ್ಟರೆ ಆಯಿತು. ಸಂಘದ ಹೆಸರಿನಲ್ಲಿ ಹಾಕಬೇಡಿ. ಈ ಹಕ್ಕು ಇರುವುದು ನಾಗರಿಕರಿಗೆ, ಸಂಘದ ಅರ್ಜಿಯನ್ನು ಅದೇ ನೆಪದಲ್ಲಿ ವಾಪಸ್ ಕಳಿಸಬಹುದು. ಮೂರು ವಿಷಯಕ್ಕೆ ಮೂರು ಜನ, ಮೂರು ಅರ್ಜಿ. ಒಬ್ಬರ ಮೇಲೆ ಕಣ್ಣು ಬೀಳದಿರಲೂ ಇದು ಒಳ್ಳೆಯದು.

ನಮೂನೆ-ಎಯಲ್ಲಿ ಬರೆಯಬೇಕಾದ ಒಕ್ಕಣೆ ಹೀಗಿರಲಿ:

‘ವಿಷಯ: ನಮ್ಮ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ 2023-24ನೇ ಸಾಲಿನಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನದ ಅನುದಾನದಿಂದ ಮಂಜೂರಾದ ಸಿಸಿ ರಸ್ತೆ ಕಾಮಗಾರಿಗಳು. ಬೇಕಾದ ದೃಢೀಕೃತ ನಕಲುಗಳು: 1. ಕಾಮಗಾರಿಗಳ ಪಟ್ಟಿ, ಅನುಷ್ಠಾನ ಸಂಸ್ಥೆಯ ಹೆಸರು, ಮಂಜೂರಾದ ಮೊತ್ತ. 2. ಪ್ರತಿ ಕಾಮಗಾರಿಯ ಅಂದಾಜು ಪತ್ರಿಕೆ. 3. ಕಾಮಗಾರಿ ಆದೇಶ. 4. ಅಳತೆ ಪುಸ್ತಕದ ಸಂಬಂಧಿತ ಪುಟಗಳು. 5. ಪಾವತಿಸಿದ ಬಿಲ್ಲುಗಳು. 6. ಗುಣಮಟ್ಟ ಪರೀಕ್ಷೆಯ ವರದಿಗಳು.’

ಇಷ್ಟೇ. ‘ಯಾಕೆ ಕಳಪೆಯಾಗಿದೆ’, ‘ಯಾರ ಮೇಲೆ ಕ್ರಮ ಕೈಗೊಂಡಿದ್ದೀರಿ’ ಎಂಬ ಪ್ರಶ್ನೆ ಹಾಕಿದರೆ ‘ಪ್ರಶ್ನಾರ್ಥಕವಾಗಿದೆ, ದಾಖಲೆಯಲ್ಲ’ ಎಂದು ತಳ್ಳಿಹಾಕುತ್ತಾರೆ. ಕೋಪವನ್ನು ಗ್ರಾಮಸಭೆಗೆ ಉಳಿಸಿಕೊಳ್ಳಿ, ಅರ್ಜಿಯಲ್ಲಿ ಕಾಗದದ ಹೆಸರಷ್ಟೇ ಇರಲಿ.

ಜಿಲ್ಲಾಧಿಕಾರಿ ಕಚೇರಿಯಲ್ಲಿರುವ ಪ್ರತಿಷ್ಠಾನದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ‘ನಮ್ಮ ಹತ್ತಿರ ಇಲ್ಲ, ನಿರ್ಮಿತಿ ಕೇಂದ್ರದಲ್ಲಿದೆ’ ಎಂದರೆ ಕಲಂ 6(3)ರಂತೆ ಐದು ದಿನದಲ್ಲಿ ಅವರೇ ಅಲ್ಲಿಗೆ ವರ್ಗಾಯಿಸಬೇಕು, ನೀವು ಹೊಸ ಅರ್ಜಿ ಹಾಕುವ ಅಗತ್ಯವಿಲ್ಲ. ಉತ್ತರಕ್ಕೆ 30 ದಿನ. ನಕಲಿನ ಶುಲ್ಕ ಕಟ್ಟಿ ಎಂದು ಪತ್ರ ಬಂದರೆ ಬೇಗ ಕಟ್ಟಿ, ಆ ಪತ್ರ ಹೊರಟ ದಿನದಿಂದ ನೀವು ಕಟ್ಟುವವರೆಗಿನ ದಿನಗಳು ಲೆಕ್ಕಕ್ಕೆ ಬರುವುದಿಲ್ಲ. 30 ದಿನ ದಾಟಿದ ಮೇಲೆ ಕೊಟ್ಟರೆ ಕಲಂ 7(6)ರಂತೆ ನಕಲು ಉಚಿತ. ‘300 ಪುಟ, 600 ರೂಪಾಯಿ ಕಟ್ಟಿ’ ಎಂದು ತಡವಾಗಿ ಬಂದ ಪತ್ರಕ್ಕೆ ಈ ಕಲಂ ತೋರಿಸಿ. ಉತ್ತರವಿಲ್ಲದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದರ ಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಆಯೋಗ ದಿನಕ್ಕೆ 250ರಂತೆ ಗರಿಷ್ಠ 25,000 ರೂಪಾಯಿ ದಂಡ ಹಾಕಬಹುದು. ಆಯೋಗದ ಸರದಿ ಬರುವುದು ತಡ, ಆದ್ದರಿಂದ ಮೊದಲ ಮೇಲ್ಮನವಿಯ ವಿಚಾರಣೆಗೆ ಇಬ್ಬರಾದರೂ ಖುದ್ದಾಗಿ ಹೋಗಿ. ಕಾಗದ ಹೆಚ್ಚಾಗಿ ಅಲ್ಲೇ ಸಿಗುತ್ತದೆ.

ಅಳೆಯುವುದು

ಕಾಗದ ಬಂದ ಮೇಲೆ ಓದಬೇಕಾದ್ದು ಎರಡೇ: ಅಂದಾಜು ಪತ್ರಿಕೆ ಮತ್ತು ಎಂಬಿ, ಅಂದರೆ ಅಳತೆ ಪುಸ್ತಕ. ಏನು ಮಾಡುತ್ತೇವೆ ಎಂದದ್ದು ಮೊದಲನೆಯದರಲ್ಲಿ, ಏನು ಮಾಡಿದ್ದೇವೆಂದು ದುಡ್ಡು ತೆಗೆದದ್ದು ಎರಡನೆಯದರಲ್ಲಿ. ಇವೆರಡೂ ಅಂಗುಲ ಅಂಗುಲಕ್ಕೂ ಹೊಂದಿದರೆ ಖುಷಿಪಡಬೇಡಿ. ನೆಲದ ಮೇಲೆ ಕೆಲಸ ಅಷ್ಟು ಅಚ್ಚುಕಟ್ಟಾಗಿ ಅಂದಾಜಿನಂತೆ ಬರುವುದು ಅಪರೂಪ. ಎಂಬಿಯನ್ನು ಕಚೇರಿಯಲ್ಲೇ ಕೂತು ಬರೆದಿರಬಹುದು.

ಸಿಸಿ ರಸ್ತೆಯನ್ನೇ ತೆಗೆದುಕೊಳ್ಳಿ. ಎಂಬಿಯಲ್ಲಿ ಉದ್ದ 200 ಮೀಟರ್, ಅಗಲ 3 ಮೀಟರ್, ದಪ್ಪ 15 ಸೆಂಟಿಮೀಟರ್ ಎಂದಿದೆ ಎನ್ನಿ. 200 × 3 × 0.15, ಅಂದರೆ 90 ಘನ ಮೀಟರ್ ಕಾಂಕ್ರೀಟಿಗೆ ಬಿಲ್ಲಾಗಿದೆ. ಉದ್ದ, ಅಗಲ ಅಳೆಯಲು 30 ಮೀಟರಿನ ಟೇಪು ಸಾಕು. ಅಗಲವನ್ನು ಒಂದೇ ಕಡೆ ಅಳೆಯದೆ 20 ಮೀಟರಿಗೊಮ್ಮೆ ಅಳೆದು ಸರಾಸರಿ ತೆಗೆಯಿರಿ, ಮನೆಗಳ ಕಟ್ಟೆ ಬಂದಲ್ಲಿ ರಸ್ತೆ ಕಿರಿದಾಗಿರುತ್ತದೆ. ಕಳ್ಳತನ ಇರುವುದು ದಪ್ಪದಲ್ಲಿ. ಅಂಚಿಗೆ ನಿಲ್ಲಿಸುವ ಶಟರಿಂಗ್ ಹಲಗೆ ಆರು ಇಂಚಿನದು, ಹಾಗಾಗಿ ಅಂಚು ಯಾವಾಗಲೂ ಸರಿಯಾಗೇ ಕಾಣುತ್ತದೆ. ನಡುವೆ ಮೊರಂ ಏರಿಸಿ ಉಬ್ಬು ಮಾಡಿ ಮೇಲೆ ಕಾಂಕ್ರೀಟ್ ಎಳೆದರೆ ಅಲ್ಲಿ ದಪ್ಪ ನಾಲ್ಕು ಇಂಚಿಗೆ ಇಳಿದಿರುತ್ತದೆ. ಅಂಚನ್ನಷ್ಟೇ ಅಳೆದು ‘ಸರಿ ಇದೆ’ ಎಂದು ಬಂದವರು ಬಹಳ. ನೋಡಬೇಕಾದ್ದು ನಲ್ಲಿಯ ಪೈಪಿಗೆಂದು ರಸ್ತೆ ಅಡ್ಡ ಕತ್ತರಿಸಿದ ಜಾಗವನ್ನು. ಇವತ್ತು ಹಾಗೆ ಕತ್ತರಿಸದ ಓಣಿ ಅಪರೂಪ. ಅಲ್ಲಿ ನಡುಮಧ್ಯದ ದಪ್ಪ ಅಳೆದು, ಸ್ಕೇಲು ಇಟ್ಟು ಫೋಟೊ ತೆಗೆಯಿರಿ. ನೀವಾಗಿ ಅಗೆಯಬೇಡಿ, ಸಾರ್ವಜನಿಕ ಆಸ್ತಿ ಹಾಳು ಮಾಡಿದಿರಿ ಎಂಬ ಕೇಸು ಬೀಳುತ್ತದೆ. ಕತ್ತರಿಸಿದ ಜಾಗ ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆಯ ಕಲಂ 2(ಜೆ) ಹಿಡಿದು ಕಾಮಗಾರಿ ಪರಿಶೀಲನೆಗೂ ಮಾದರಿಗೂ ಅರ್ಜಿ ಹಾಕಿ, ಇಂಜಿನಿಯರ್ ಸಮ್ಮುಖದಲ್ಲಿ ರಸ್ತೆ ಕೊರೆದು ಕಾಂಕ್ರೀಟಿನ ತುಂಡು (ಕೋರ್) ತೆಗೆಸಿ.

ಸರಾಸರಿ ದಪ್ಪ 10 ಸೆಂಟಿಮೀಟರ್ ಬಂತೆನ್ನಿ. ಬಿದ್ದದ್ದು 60 ಘನ ಮೀಟರ್, ಹೋದದ್ದು 30. ಸಿಮೆಂಟ್, ಮರಳು, ಜಲ್ಲಿ 1:1.5:3ರ ಮಿಶ್ರಣದಲ್ಲಿ ಒಂದು ಘನ ಮೀಟರಿಗೆ ಸುಮಾರು ಎಂಟು ಚೀಲ ಸಿಮೆಂಟ್. 30 × 8 = 240 ಚೀಲ. ಗ್ರಾಮಸಭೆಯಲ್ಲಿ ‘ಶೇ 33ರಷ್ಟು ಕೊರತೆ’ ಅನ್ನುವುದಕ್ಕಿಂತ ‘ಈ ಓಣಿಯಲ್ಲಿ 240 ಚೀಲ ಸಿಮೆಂಟ್ ಇಲ್ಲ’ ಅನ್ನಿ.

ಶುದ್ಧ ನೀರಿನ ಘಟಕದ ತಪಾಸಣೆಗೆ ಬೇರೆ ಜಾಣ್ಮೆ ಬೇಕು. ಗಂಟೆಗೆ 1,000 ಲೀಟರಿನ ಘಟಕ ಎಂದು ಬಿಲ್ಲಿದ್ದರೆ, ನಲ್ಲಿಯಲ್ಲಿ ಕ್ಯಾನು ಎಷ್ಟು ಬೇಗ ತುಂಬುತ್ತದೆ ಎಂದು ನೋಡಿ ಪ್ರಯೋಜನವಿಲ್ಲ, ಅದು ತೊಟ್ಟಿಯಿಂದ ಬರುವ ನೀರು. ಒಳಗಿನ ಫಲಕದಲ್ಲಿ ಗಾಜಿನ ನಳಿಕೆಯಂಥ ಎರಡು ಮೀಟರುಗಳಿರುತ್ತವೆ: ಒಂದು ಶುದ್ಧ ನೀರಿನದು, ಇನ್ನೊಂದು ಚರಂಡಿಗೆ ಬಿಡುವ ನೀರಿನದು. ಮೊದಲನೆಯದರ ಅಂಕಿ ಓದಿ. ಆಮೇಲೆ ನೀರಿನಲ್ಲಿ ಕರಗಿದ ಲವಣಗಳನ್ನು ತೋರಿಸುವ ಟಿಡಿಎಸ್ ಮೀಟರಿನಲ್ಲಿ ಬೋರಿನ ನೀರು, ಘಟಕದ ನೀರು ಎರಡನ್ನೂ ನೋಡಿ. ಬೋರಿನದು 1,200, ಘಟಕದ್ದು 100 ಆದರೆ ನೀರು ಸೋಸುವ ಪೊರೆ ಕೆಲಸ ಮಾಡುತ್ತಿದೆ. 1,200 ಮತ್ತು 900 ಆದರೆ ಪೊರೆ ಸತ್ತಿದೆ, ಜನ ಕಾಯಿನ್ ಹಾಕಿ ಬೋರಿನ ನೀರನ್ನೇ ಕುಡಿಯುತ್ತಿದ್ದಾರೆ. ಕೊಪ್ಪಳ, ರಾಯಚೂರು ಕಡೆ ಫ್ಲೋರೈಡಿನ ಕಾಟವಿದೆ. ಟಿಡಿಎಸ್ ಮೀಟರಿಗೆ ಅದು ಪ್ರತ್ಯೇಕವಾಗಿ ಗೊತ್ತಾಗುವುದಿಲ್ಲ. ಒಂದು ಲೀಟರಿನಲ್ಲಿ 1.5 ಮಿಲಿಗ್ರಾಂ ಮೀರಬಾರದು, ಅದಕ್ಕೆ ಪ್ರಯೋಗಾಲಯದ ವರದಿಯನ್ನೇ ಕೇಳಬೇಕು. ಘಟಕ ಕಟ್ಟಿದವರು ಎಷ್ಟು ವರ್ಷ ನಿರ್ವಹಣೆ ಮಾಡಬೇಕೆಂದು ಕಾಮಗಾರಿ ಆದೇಶದಲ್ಲಿ ಬರೆದಿರುತ್ತದೆ. ಬೀಗ ಬಿದ್ದ ಘಟಕದ ಮುಂದೆ ನಿಂತು ಆ ಸಾಲನ್ನು ಜೋರಾಗಿ ಓದಿ.

ಗೋಡೆ

ಶಾಲೆಯ ಕಾಂಪೌಂಡ್, ಹಾಲಿನ ಡೇರಿ, ಹನುಮಪ್ಪನ ಗುಡಿಯ ಎದುರು, ಎಲ್ಲಿ ಹೆಂಗಸರೂ ದಿನಾ ನಿಲ್ಲುತ್ತಾರೋ ಅಲ್ಲಿ ಬರೆಯಿರಿ. ಪಂಚಾಯಿತಿ ಕಚೇರಿಯ ಒಳಗಿನ ಫಲಕ ಬೇಡ. ಗೋಡೆಯ ಒಡೆಯರಿಂದ ಒಂದು ಸಾಲಿನ ಒಪ್ಪಿಗೆ ಬರೆಸಿಕೊಳ್ಳಿ. ಎಂಟು ಅಡಿ ಅಗಲ, ಆರು ಅಡಿ ಎತ್ತರ, ಬಿಳಿ ಬಳಿದು ಕಪ್ಪು ಆಯಿಲ್ ಪೇಂಟಿನಲ್ಲಿ, ಅಕ್ಷರ ಎರಡು ಇಂಚಿಗೆ ಕಡಿಮೆ ಬೇಡ. ಆರು ಕಾಲಂ: ಕೆಲಸ, ಮಂಜೂರಾದ ರೊಕ್ಕ, ಬಿಲ್ಲಾದ ರೊಕ್ಕ, ಎಂಬಿಯಲ್ಲಿ ಇರುವ ಅಳತೆ, ನಾವು ಅಳೆದದ್ದು, ಅಳೆದ ದಿನ. ಯಾರ ಹೆಸರೂ ಬೇಡ. ‘ಕಳಪೆ’, ‘ನುಂಗಿದರು’ ಎಂಬ ಪದವೂ ಬೇಡ. 15 ಮತ್ತು 10 ಅಕ್ಕಪಕ್ಕ ಇದ್ದರೆ ಓದುವವರೇ ಹೇಳುತ್ತಾರೆ. ಹೆಸರು ಬರೆದರೆ ಮಾನನಷ್ಟದ ನೋಟಿಸು ಬರುತ್ತದೆ, ಊರು ಎರಡು ಪಂಗಡವಾಗುತ್ತದೆ, ಅಳತೆ ಮರೆತುಹೋಗುತ್ತದೆ.

ಲೆಕ್ಕ ಕೇಳುವ ಈ ಬಗೆ ನಮ್ಮಿಂದ ಆಫ್ರಿಕಾಕ್ಕೂ ಹೋಗಿದೆ. ಕೀನ್ಯಾ 2003ರಲ್ಲಿ ಸರ್ಕಾರದ ಆದಾಯದ ಒಂದು ಪಾಲನ್ನು ಕ್ಷೇತ್ರಾಭಿವೃದ್ಧಿ ನಿಧಿಯೆಂದು ತೆಗೆದಿಟ್ಟಿತು, ಅದರ ಬಳಕೆಯಲ್ಲಿ ಸಂಸದರ ಮಾತೇ ನಡೆಯಿತು. ಮೊಂಬಾಸಾದ ನಾಗರಿಕ ಗುಂಪೊಂದು ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರಿಂದ ಜನಸುನವಾಯಿ, ಅಂದರೆ ಬಹಿರಂಗ ಅಹವಾಲು ಸಭೆ ನಡೆಸುವುದನ್ನು ಕಲಿತು, ಕಡತ ಹಿಡಿದು ಜಾಗಕ್ಕೆ ಹೋಗಿ ನೋಡಿ, ಜನರೆದುರು ಓದಿತು.

ಗ್ರಾಮಸಭೆಯಲ್ಲಿ

ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಆಗಬೇಕು. ಇದರ ಜತೆಗೆ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ನಡೆಯುವ ಜಮಾಬಂದಿ ಇದೆ. ಹಿಂದಿನ ವರ್ಷದ ಜಮಾ-ಖರ್ಚು ಓದಿ, ಕಾಮಗಾರಿ ನೋಡುವ ದಿನ ಅದು. ಊರವರು ಇದಕ್ಕೆ ಹೋಗುವುದೇ ಇಲ್ಲ, ಹೋಗಬೇಕಾದ್ದು ಇದಕ್ಕೇ. ಡಿಎಂಎಫ್ ಕೆಲಸ ಪಂಚಾಯಿತಿಯದಲ್ಲ, ಬೇರೆ ಸಂಸ್ಥೆಯದು ಎಂದು ಪಿಡಿಒ ಹೇಳಬಹುದು. ಆಗ ‘ಈ ಕಾಮಗಾರಿಯ ಅಳತೆಯಲ್ಲಿ ವ್ಯತ್ಯಾಸ ಕಂಡಿದ್ದು, ಜಂಟಿ ಪರಿಶೀಲನೆ ಮಾಡುವಂತೆ ಜಿಲ್ಲಾಧಿಕಾರಿಗಳನ್ನು ಕೋರಲು ಸಭೆ ತೀರ್ಮಾನಿಸಿತು’ ಎಂದು ಒಂದು ಸಾಲಿನ ಠರಾವು ಕೇಳಿ. ಮೊದಲೇ ಬರೆದುಕೊಂಡು ಹೋಗಿ. ಸಭೆ ಮುಗಿಯುವ ಮುಂಚೆ ನಡಾವಳಿ ಓದಿಸಿ, ಬರೆದ ಪುಟದ ಫೋಟೊ ತೆಗೆಯಿರಿ. ‘ಆಮೇಲೆ ಬರೀತೀವಿ’ ಎಂದ ಠರಾವು ನಡಾವಳಿಯಲ್ಲಿ ಬರುವುದಿಲ್ಲ.

ಬೋಟ್ಸ್ವಾನಾದ ಹಳ್ಳಿ ಸಭೆಗೆ ಕ್ಗೋಟ್ಲಾ ಎನ್ನುತ್ತಾರೆ. ಅಲ್ಲಿ ಆಡಿದ ಮಾತೆಲ್ಲ ಒಳ್ಳೆಯ ಮಾತೇ ಎಂದು ಅವರ ಗಾದೆ. ಅಂದರೆ ಯಾರು ಏನು ಕೇಳಿದರೂ ತಡೆಯಬಾರದು, ಆಮೇಲೆ ಹಗೆ ಸಾಧಿಸಬಾರದು. ನಿಮ್ಮ ಸಭೆಯಲ್ಲೂ ಮೊದಲು ಮಾತಾಡುವವರು ಗುಂಪಿನ ಗಟ್ಟಿ ದನಿಯವರಲ್ಲದೆ, ಆ ಓಣಿಯಲ್ಲಿ ನೀರು ಹಿಡಿಯುವ ಅವ್ವನೇ ಆಗಿರಲಿ.

ಸ್ವಂತ ಕಂದಾಯ

ಇದನ್ನು ಬಿಟ್ಟರೆ ಮೇಲಿನದೆಲ್ಲ ನಾಲ್ಕು ದಿನದ ಆಟ. ಜಾಂಬಿಯಾ 1964ರಲ್ಲಿ ಸ್ವತಂತ್ರವಾದಾಗ ತಾಮ್ರದ ಮೇಲೆ ನಿಂತಿತ್ತು, ರಫ್ತಿನ ನೂರಕ್ಕೆ 90ಕ್ಕೂ ಹೆಚ್ಚು ಅದೇ. ಅಧ್ಯಕ್ಷ ಕೆನೆತ್ ಕೌಂಡಾ 1969ರಲ್ಲಿ ಗಣಿಗಳ ಶೇ 51ರಷ್ಟು ಪಾಲನ್ನು ಸರ್ಕಾರಕ್ಕೆ ತರುವ ಘೋಷಣೆ ಮಾಡಿದರು. ಒಡೆತನ ನಮ್ಮದಾಯಿತು ಎಂದು ದಿನದ ಖರ್ಚನ್ನೂ ತಾಮ್ರದ ಮೇಲೆ ಹಾಕಿದರು. 1975ರಲ್ಲಿ ಬೆಲೆ ಕುಸಿಯಿತು, ದೇಶ ಸಾಲಕ್ಕೆ ಬಿತ್ತು. ಬೋಟ್ಸ್ವಾನಾ 1966ರಲ್ಲಿ ಸ್ವತಂತ್ರವಾದಾಗ ಜಗತ್ತಿನ ತೀರ ಬಡ ದೇಶಗಳಲ್ಲೊಂದು. ಅದರ ಅಧ್ಯಕ್ಷ ಸೆರೆಟ್ಸೆ ಖಾಮಾ 1967ರ ಕಾನೂನಿನಿಂದ ಖನಿಜದ ಹಕ್ಕನ್ನು ಬುಡಕಟ್ಟುಗಳಿಂದ ದೇಶಕ್ಕೆ ತಂದರು, ತಮ್ಮ ಸ್ವಂತ ಬುಡಕಟ್ಟಿನ ಹಕ್ಕೂ ಸೇರಿ. ಅದೇ ವರ್ಷ ವಜ್ರ ಸಿಕ್ಕಿದ ಒರಾಪಾ ಆ ಬುಡಕಟ್ಟಿನ ನೆಲದಲ್ಲೇ ಇತ್ತು. ಆಮೇಲೆ ಒಂದು ಅಳತೆಗೋಲು ಇಟ್ಟುಕೊಂಡರು: ವಜ್ರದ ಹಣ ಶಾಲೆ, ಆಸ್ಪತ್ರೆ, ರಸ್ತೆಯಂಥ ಉಳಿಯುವ ಕೆಲಸಕ್ಕೆ, ಸರ್ಕಾರದ ದಿನದ ಖರ್ಚು ಬೇರೆ ಆದಾಯದಿಂದ. ಎಲ್ಲವೂ ಚಿನ್ನವಾಗಲಿಲ್ಲ. ಕಲಹಾರಿಯ ಸಾನ್ ಜನರನ್ನು ಅವರ ನೆಲದಿಂದ ಎಬ್ಬಿಸಿದ್ದು ತಪ್ಪೆಂದು 2006ರಲ್ಲಿ ಅಲ್ಲಿನ ಹೈಕೋರ್ಟೇ ಹೇಳಬೇಕಾಯಿತು, ಇತ್ತೀಚೆಗೆ ವಜ್ರದ ಬೇಡಿಕೆ ಬಿದ್ದು ದೇಶ ಪರದಾಡುತ್ತಿದೆ. 2024ರಲ್ಲಿ 58 ವರ್ಷ ಆಳಿದ ಪಕ್ಷವನ್ನು ಜನ ಮತ ಹಾಕಿ ಇಳಿಸಿದರು, ಅದು ಗದ್ದಲವಿಲ್ಲದೆ ಇಳಿಯಿತು.

ಒಂದು ಅದಿರಿನ ಮೇಲೆ ನಿಂತ ಸೀಮೆ ಏನಾಗುತ್ತದೆ ಎಂದು ಬಳ್ಳಾರಿಗೆ ಯಾರೂ ಹೇಳಿಕೊಡಬೇಕಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಮೇಲೆ ಸಾಲದ ಮೇಲೆ ಕೊಂಡ ಲಾರಿಗಳು ಸಾಲುಗಟ್ಟಿ ನಿಂತವು. ಡಿಎಂಎಫ್ ಬೊಕ್ಕಸವೂ ಲಾರಿ ಓಡಿದರೆ ಮಾತ್ರ ತುಂಬುವಂಥದು. ಆದ್ದರಿಂದ ಪಂಚಾಯಿತಿಯ ‘ಬೇಡಿಕೆ, ವಸೂಲಿ, ಬಾಕಿ’ ತಖ್ತೆಯನ್ನು ಕೇಳಿ ಪಡೆಯಿರಿ. ಮನೆ ಕಂದಾಯ, ನೀರಿನ ಕರ ಎಷ್ಟು ಬರಬೇಕಿತ್ತು, ಎಷ್ಟು ಬಂತು. ಬಾಕಿಯನ್ನು ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿ. ಕಾರ್ಖಾನೆ, ಸ್ಟಾಕ್ ಯಾರ್ಡ್, ಕ್ವಾರ್ಟರ್ಸ್ ಇರುವ ಊರುಗಳಲ್ಲಿ ಮೇಲಿನ ನಾಲ್ಕೈದು ಬಾಕಿಯೇ ಉಳಿದ ಊರೆಲ್ಲದ್ದಕ್ಕಿಂತ ಹೆಚ್ಚಿರಬಹುದು. ಗುಂಪಿನ ಎಲ್ಲರೂ ಮೊದಲು ತಮ್ಮ ಮನೆಯ ಬಾಕಿ ಕಟ್ಟಿ ರಸೀತಿ ಇಟ್ಟುಕೊಳ್ಳಬೇಕು. ಲೆಕ್ಕ ಕೇಳುವವರಿಗೆ ಸಭೆಯಲ್ಲಿ ಮೊದಲು ಬರುವ ಮಾತೇ ‘ನಿಮ್ಮ ಕಂದಾಯ ಕಟ್ಟಿದ್ದೀರಾ?’ ಎಂಬುದು.

ಆ ಕಂದಾಯದ ಹಣದಲ್ಲಿ ನೀರಿನ ಘಟಕದ ಕರೆಂಟು, ಪೊರೆ ಬದಲಾವಣೆ, ವಾಟರ್‌ಮ್ಯಾನ್ ಸಂಬಳ ನಡೆಯಬೇಕೆಂದು ಠರಾವು ಮಾಡಿಸಿ. ಡಿಎಂಎಫ್ ಹಣದಲ್ಲಿ ಇನ್ನೊಂದು ಘಟಕ ಕೇಳುವ ಮುಂಚೆ ಬೀಗ ಬಿದ್ದದ್ದು ತೆರೆಯಲಿ.

ಗೋಡೆಯಲ್ಲಿ ಆರು ಕಾಲಮಿನ ಕೆಳಗೆ ಒಂದು ಅಡಿ ಪಟ್ಟಿಯನ್ನು ಕಪ್ಪು ಬಳಿದು ಖಾಲಿ ಬಿಡಿ. ತಿಂಗಳ ಮೊದಲ ಸೋಮವಾರ ಸ್ತ್ರೀಶಕ್ತಿ ಸಂಘದವರು ಅಲ್ಲಿ ಸೀಮೆಸುಣ್ಣದಲ್ಲಿ ನಾಲ್ಕು ಅಂಕಿ ಬರೆಯಲಿ: ಬೋರಿನ ಟಿಡಿಎಸ್, ಘಟಕದ ಟಿಡಿಎಸ್, ಆ ತಿಂಗಳು ವಸೂಲಾದ ಕಂದಾಯ, ಅರ್ಜಿ ಹಾಕಿ ಎಷ್ಟು ದಿನವಾಯಿತು.